ಗುಡುಗುಡು ಸದ್ದು ಬೇಕೋ, ಸರಾಗ ಉಸಿರು ಬೇಕೋ?
ಟರ್ಬೊ ಬಾಕ್ಸರ್ ಕಾರಿಗೆ ಹೆಡರ್ ಆರಿಸುವ ಮುನ್ನ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಈ ಸಲ ಪುಣೆಯ ಹಿರಿಯ ಕೇಳುಗರೊಬ್ಬರು ಬೇರೆಯೇ ಪ್ರಶ್ನೆ ಕಳಿಸಿದ್ದಾರೆ. ಅವರ ಮಗ ಕ್ಯಾಲಿಫೋರ್ನಿಯದಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿ 2004ರ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಾನೆ. ಈಗ ಅದರ ಹೆಡರ್ ತೆಗೆಸಿ ಹೊರಗಿನ ತಯಾರಕರ ಹೊಸ ಹೆಡರ್ ಹಾಕಿಸುವ ಹುಮ್ಮಸ್ಸು. ‘ಫೋನಿನಲ್ಲಿ ಆ ಕಾರಿನ ಸದ್ದು ಕೇಳಿಸಿದ, ಹಳೇ ಬುಲೆಟ್‌ಗಳು ಸಾಲಾಗಿ ಬಂದ ಹಾಗಿತ್ತು. ಈ ಹೆಡರ್ ಎಂದರೇನು? ಅದಕ್ಕೆ ದುಡ್ಡು ಸುರಿಯುವುದು ಸರಿಯೇ?’ ಎಂದು ಕೇಳಿದ್ದಾರೆ.

ಪ್ರಶ್ನೆ ಕಾರಿನದ್ದಾದರೂ ಅರ್ಧ ಉತ್ತರ ಸದ್ದಿನಲ್ಲಿದೆ. ಸದ್ದಿನ ವಿಷಯ ಬಂದಮೇಲೆ ರೇಡಿಯೋದವರು ಸುಮ್ಮನಿರುವುದು ಹೇಗೆ? ಮಗನಿಗೆ ಓದಿ ಹೇಳುವಂತೆ ಇಲ್ಲಿ ವಿವರವಾಗಿ ಬರೆದಿದ್ದೇವೆ.

ಮಲಗಿರುವ ಎಂಜಿನ್

ನಮ್ಮ ರಸ್ತೆಗಳಲ್ಲಿ ಕಾಣುವ ಸಾಮಾನ್ಯ ಕಾರಿನಲ್ಲಿ ಮೂರೋ ನಾಲ್ಕೋ ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತಿರುತ್ತವೆ. ಬಾಕ್ಸರ್ ಎಂಜಿನ್‌ನಲ್ಲಿ ಹಾಗಲ್ಲ. ಸಿಲಿಂಡರ್‌ಗಳು ಮಲಗಿರುತ್ತವೆ, ಎರಡು ಬಲಕ್ಕೆ, ಎರಡು ಎಡಕ್ಕೆ. ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಕ್ಕೆ ಹೋಗಿ ಒಟ್ಟಿಗೆ ಒಳಕ್ಕೆ ಬರುತ್ತವೆ. ಮುಷ್ಟಿಯುದ್ಧದ ಪಟು ಎರಡು ಕೈಗವುಸುಗಳನ್ನು ಒಂದಕ್ಕೊಂದು ಗುದ್ದಿಕೊಂಡ ಹಾಗೆ. ಬಾಕ್ಸರ್ ಎಂಬ ಹೆಸರು ಬಂದದ್ದು ಹೀಗೆ.

ಈ ಜೋಡಣೆಯನ್ನು ಕಾರ್ಲ್ ಬೆನ್ಜ್ 1896ರಲ್ಲೇ ಮಾಡಿದ್ದರು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಇದ್ದದ್ದೂ ಇದೇ. ಜಪಾನಿನ ಸುಬಾರು ಕಂಪನಿ 1966ರ ‘ಸುಬಾರು 1000’ ಕಾರಿನಿಂದ ಹಿಡಿದು ಇದನ್ನೇ ತನ್ನ ಗುರುತಾಗಿಸಿಕೊಂಡಿತು. ಎಂಜಿನ್ ತಗ್ಗಾಗಿ ಕೂರುವುದರಿಂದ ಕಾರಿನ ಭಾರ ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ 1995, 1996, 1997ರಲ್ಲಿ ತಯಾರಕರ ಪ್ರಶಸ್ತಿ ಸುಬಾರುವಿಗೇ ಹೋಯಿತು. 1995ರಲ್ಲಿ ಕಾಲಿನ್ ಮೆಕ್‌ರೇ, 2001ರಲ್ಲಿ ರಿಚರ್ಡ್ ಬರ್ನ್ಸ್, 2003ರಲ್ಲಿ ಪೆಟ್ಟರ್ ಸೋಲ್ಬರ್ಗ್ ಚಾಲಕರ ಪಟ್ಟ ಗೆದ್ದದ್ದು ಇದೇ ಕಂಪನಿಯ ನೀಲಿ ಕಾರುಗಳಲ್ಲಿ. ಆ ಕಾರುಗಳ ಜೊತೆಗೇ ಆ ಗುಡುಗುಡು ಸದ್ದೂ ಪ್ರಸಿದ್ಧವಾಯಿತು.

ಭಾರತದಲ್ಲಿ ಇಂಥ ಕಾರು ಅಪರೂಪ. 2000ದ ದಶಕದಲ್ಲಿ ಜನರಲ್ ಮೋಟರ್ಸ್ ಸುಬಾರುವಿನ ಫಾರೆಸ್ಟರ್ ಕಾರನ್ನು ಷೆವ್ರೊಲೆ ಹೆಸರಿನಲ್ಲಿ ಇಲ್ಲಿ ಮಾರಿತ್ತು. ಅದರಲ್ಲಿ ಬಾಕ್ಸರ್ ಎಂಜಿನ್ ಇತ್ತು, ಟರ್ಬೊ ಇರಲಿಲ್ಲ.

ಹೆಡರ್ ಮಾಡುವ ಕೆಲಸ

ಸಿಲಿಂಡರಿನೊಳಗೆ ಪೆಟ್ರೋಲು ಉರಿದ ಮೇಲೆ ಬಿಸಿ ಅನಿಲ ಹೊರಗೆ ಹೋಗಬೇಕಷ್ಟೆ. ಪ್ರತಿ ಸಿಲಿಂಡರಿನ ಬಾಯಿಗೂ ಒಂದೊಂದು ಕೊಳವೆ ಕೊಟ್ಟು, ಕೊನೆಗೆ ಎಲ್ಲವನ್ನೂ ಒಂದೆಡೆ ಕೂಡಿಸುವ ಕವಲುಪೈಪೇ ಹೆಡರ್. ಇದನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂದೂ ಕರೆಯುತ್ತಾರೆ. ಹಿಂದೆ ಬಂಪರಿನ ಕೆಳಗೆ ಕಾಣುವ ಸೈಲೆನ್ಸರ್ ಈ ದಾರಿಯ ಕೊನೆಯಾದರೆ, ಹೆಡರ್ ಅದರ ಮೊದಲು.

ಟರ್ಬೊ ಇರುವ ಕಾರಿನಲ್ಲಿ ಹೆಡರಿಗೆ ಇನ್ನೊಂದು ಜವಾಬ್ದಾರಿಯೂ ಇದೆ. ಹೊರಹೋಗುವ ಅನಿಲವೇ ಟರ್ಬೊದ ಚಕ್ರವನ್ನು ತಿರುಗಿಸಬೇಕು. ನೀರಿನ ರಭಸಕ್ಕೆ ಜಲಚಕ್ರ ತಿರುಗಿದ ಹಾಗೆ ಈ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಅದೇ ಅಕ್ಷದ ಮತ್ತೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಹೆಡರಿನಲ್ಲಿ ಅನಿಲದ ಬಿಸಿ ಆರಿದರೆ, ವೇಗ ಕುಗ್ಗಿದರೆ, ಎಲ್ಲಾದರೂ ಸೋರಿದರೆ, ಟರ್ಬೊಗೆ ಸಿಗುವ ಬಲ ಅಷ್ಟು ಕಡಿಮೆ.

ಆ ಸದ್ದು ಎಲ್ಲಿಂದ ಬರುತ್ತದೆ?

ನಮ್ಮ ಕೇಳುಗರ ಮಗನ ಕಾರಿನಲ್ಲಿರುವುದು ಸುಬಾರುವಿನ ಇಜೆ ಸರಣಿಯ 2.0 ಲೀಟರ್ ಎಂಜಿನ್. 1 ಮತ್ತು 3ನೇ ಸಿಲಿಂಡರ್ ಬಲಕ್ಕೆ, 2 ಮತ್ತು 4 ಎಡಕ್ಕೆ. ಕಿಡಿ ಹಾರುವ ಕ್ರಮ 1-3-2-4. ಅಂದರೆ ಬಲ, ಬಲ, ಎಡ, ಎಡ. ಪ್ರತಿ ಅರ್ಧ ಸುತ್ತಿಗೆ ಒಂದರಂತೆ ಇವು ಲೆಕ್ಕ ತಪ್ಪದೆ ಸಮವಾಗಿಯೇ ಉರಿಯುತ್ತವೆ. ಎಂಜಿನ್ನಿನೊಳಗೆ ತಾಳ ಎಲ್ಲೂ ತಪ್ಪಿಲ್ಲ.

ತಾಳ ತಪ್ಪುವುದು ಹೊರಗೆ, ಹೆಡರಿನಲ್ಲಿ. ಈ ಎಂಜಿನ್‌ನಲ್ಲಿ ಟರ್ಬೊ ಕೂತಿರುವುದು ಬಲಗಡೆ, ಹಿಂಭಾಗದಲ್ಲಿ, ಮೇಲೆ. ಬಲಗಡೆಯ ಅನಿಲಕ್ಕೆ ಅದು ಹತ್ತಿರ. ಎಡಗಡೆಯ ಅನಿಲ ಮಾತ್ರ ಎಂಜಿನ್ನಿನ ಕೆಳಗೆ ಅಡ್ಡಲಾಗಿ ಹಾಯ್ದು, ಬಲಕ್ಕೆ ಬಂದು, ಆಮೇಲೆ ಮೇಲಕ್ಕೇರಬೇಕು. ಹೀಗೆ ಮೇಲೇರುವ ಕೊಳವೆಗೆ ಅಪ್‌ಪೈಪ್ ಎನ್ನುತ್ತಾರೆ. ದಾರಿ ಉದ್ದವಾದದ್ದರಿಂದ ಎಡಗಡೆಯ ಎರಡು ಪೆಟ್ಟುಗಳು ತುಸು ತಡವಾಗಿ, ತುಸು ಬೇರೆ ದನಿಯಲ್ಲಿ ಬಂದು ಸೇರುತ್ತವೆ. ನಾಲ್ಕು ಪೆಟ್ಟೂ ಸಮವಾಗಿ ಬಿದ್ದರೆ ‘ತ ಕ ಧಿ ಮಿ’ ಎಂದು ಕೇಳಿಸುತ್ತಿತ್ತು. ಇಲ್ಲಿ ಕೇಳಿಸುವುದು ‘ತಕ... ಧಿಮಿ, ತಕ... ಧಿಮಿ’.

ಸಣ್ಣ ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ಹಾಕುತ್ತಿದ್ದರೆ ಸೆಕೆಂಡಿಗೆ 100 ಪೆಟ್ಟು. ನಾಲ್ಕೂ ಒಂದೇ ಥರ ಇದ್ದರೆ ಕಿವಿಗೆ ಮುಖ್ಯವಾಗಿ ಕೇಳುವುದು 100 ಹರ್ಟ್ಸ್‌ನ ನಾದ ಮತ್ತು ಅದರ ಗುಣಕಗಳು. ಎರಡು ಪೆಟ್ಟು ಒಂದು ಥರ, ಇನ್ನೆರಡು ಇನ್ನೊಂದು ಥರ ಆದಾಗ ವಿನ್ಯಾಸ ಮರುಕಳಿಸುವುದು ನಾಲ್ಕು ಪೆಟ್ಟಿಗೊಮ್ಮೆ, ಅಂದರೆ ಸೆಕೆಂಡಿಗೆ 25 ಬಾರಿ. ಆಗ 100ರ ಕೆಳಗೆ 25, 50, 75 ಹರ್ಟ್ಸ್‌ನ ತಗ್ಗು ಸ್ವರಗಳೂ ಸೇರಿಕೊಳ್ಳುತ್ತವೆ. ಕಿವಿಗಿಂತ ಹೆಚ್ಚಾಗಿ ಎದೆಗೆ ತಟ್ಟುವ ಸ್ವರಗಳಿವು. ಆ ಗುಡುಗುಡು ಎಂಬುದು ಇದೇ.

ಅಂದರೆ ಜನ ಮನಸೋತಿರುವ ಆ ಸದ್ದು ಎಂಜಿನ್ನಿನ ಶಕ್ತಿಯ ಸದ್ದಲ್ಲ. ಕೊಳವೆಗಳ ಉದ್ದ ಸಮ ಇಲ್ಲದ್ದರ ಸದ್ದು. ಹೆಡರ್ ಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಇದು.

ಸಮ ಉದ್ದ, ವಿಷಮ ಉದ್ದ

ಮಾರುಕಟ್ಟೆಯಲ್ಲಿ ಸಿಗುವ ಹೆಡರ್‌ಗಳು ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ವಿಷಮ ಉದ್ದದ್ದು. ಕಂಪನಿಯ ವಿನ್ಯಾಸವನ್ನೇ ಅನುಸರಿಸಿ, ಒಳಗಿನ ದಾರಿಯನ್ನು ಇನ್ನಷ್ಟು ನಯವಾಗಿ, ಕೂಡುವ ಜಾಗವನ್ನು ಇನ್ನಷ್ಟು ಓರೆಯಾಗಿ ಮಾಡಿರುತ್ತಾರೆ. ಸದ್ದು ಉಳಿಯುತ್ತದೆ, ಕೆಲವೊಮ್ಮೆ ಹೆಚ್ಚಾಗುತ್ತದೆ. ಕೊಳವೆಗಳು ಗಿಡ್ಡವಾದ್ದರಿಂದ ಬಿಸಿ ಕಡಿಮೆ ಸೋರುತ್ತದೆ, ಜೋಡಿಸುವುದೂ ಸುಲಭ.

ಎರಡನೆಯದು ಸಮ ಉದ್ದದ್ದು. ಬಲಗಡೆಯ ಕೊಳವೆಗಳನ್ನು ಬೇಕೆಂದೇ ಸುತ್ತಿಬಳಸಿ ತಂದು, ನಾಲ್ಕೂ ದಾರಿಗಳು ಹೆಚ್ಚುಕಡಿಮೆ ಒಂದೇ ಉದ್ದ ಇರುವಂತೆ ಮಾಡಿರುತ್ತಾರೆ. ಪೆಟ್ಟುಗಳು ಸಮ ಅಂತರದಲ್ಲಿ ಟರ್ಬೊ ತಲುಪುತ್ತವೆ. ಗುಡುಗುಡು ಮಾಯ. ಕಾರು ಬೇರೆ ನಾಲ್ಕು ಸಿಲಿಂಡರಿನ ಕಾರುಗಳ ಹಾಗೆಯೇ ಒಂದೇ ಎಳೆಯ ಸ್ವರದಲ್ಲಿ ಕೂಗುತ್ತದೆ. ಇದನ್ನು ಹಾಕಿಸಿಕೊಂಡು ‘ನನ್ನ ಕಾರಿನ ದನಿಯೇ ಹೋಯಿತಲ್ಲ’ ಎಂದು ಪೇಚಾಡುವವರೂ ಇದ್ದಾರೆ.

ಸಮ ಉದ್ದದಿಂದ ಎಂಜಿನ್ನಿಗೆ ಆಗುವ ಲಾಭವೇನು? ಕಿಡಿಯ ಕ್ರಮ ಬಲ, ಬಲ, ಎಡ, ಎಡ ಎಂದೆವಲ್ಲ. 1ನೇ ಸಿಲಿಂಡರಿನ ಹೊರಬಾಗಿಲು ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಅಷ್ಟರಲ್ಲಿ ಪಕ್ಕದ 3ನೆಯದರ ಬಾಗಿಲು ತೆರೆದು ಒತ್ತಡದ ಅಲೆ ನುಗ್ಗುತ್ತದೆ. ಎರಡೂ ಹತ್ತಿರದಲ್ಲೇ ಕೂಡಿದ್ದರೆ ಆ ಅಲೆ 1ನೆಯದಕ್ಕೆ ಅಡ್ಡ ಬಂದು ಬಿಸಿ ಅನಿಲದ ಒಂದಂಶ ಹಿಂದಕ್ಕೆ ಉಳಿದುಬಿಡುತ್ತದೆ. ಒಳಗೆ ಉಳಿದ ಬಿಸಿ ಅನಿಲ ಹೊಸ ಗಾಳಿಯ ಜಾಗ ಕಸಿಯುತ್ತದೆ, ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯುವ ‘ನಾಕಿಂಗ್’ ತೊಂದರೆಗೂ ದಾರಿ ಮಾಡುತ್ತದೆ. ಕೊಳವೆಗಳು ಉದ್ದವಾಗಿ, ದೂರದಲ್ಲಿ ಕೂಡಿದರೆ ಈ ಜಗಳ ಕಡಿಮೆ.

ಇದಕ್ಕೆ ಇನ್ನೂ ಒಳ್ಳೆಯ ಪರಿಹಾರ ಟ್ವಿನ್ ಸ್ಕ್ರೋಲ್ ಟರ್ಬೊ. ಅದರ ಬಾಯಿಯಲ್ಲಿ ನಡುವೆ ಗೋಡೆ ಇದ್ದು ಎರಡು ಪ್ರತ್ಯೇಕ ದಾರಿಗಳಿರುತ್ತವೆ. 1 ಮತ್ತು 2ನೇ ಸಿಲಿಂಡರ್ ಒಂದು ದಾರಿಗೆ, 3 ಮತ್ತು 4 ಇನ್ನೊಂದಕ್ಕೆ. ಈ ಜೋಡಿಗಳ ನಡುವೆ ಪೂರ್ತಿ ಒಂದು ಸುತ್ತಿನ ಅಂತರ ಇರುವುದರಿಂದ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಜಪಾನಿನಲ್ಲಿ 2003ರಲ್ಲಿ ಬಂದ ನಾಲ್ಕನೇ ತಲೆಮಾರಿನ ಲೆಗಸಿ ಟರ್ಬೊ ಕಾರಿನಲ್ಲಿ ಸುಬಾರು ಕಂಪನಿಯೇ ಸಮ ಉದ್ದದ ಹೆಡರನ್ನೂ ಟ್ವಿನ್ ಸ್ಕ್ರೋಲನ್ನೂ ಕೂಡಿಸಿತು. ತನ್ನ ಪ್ರಸಿದ್ಧ ಸದ್ದನ್ನು ತಾನೇ ಕೈಬಿಟ್ಟಿತು. ಇತ್ತ ಅಮೆರಿಕದಲ್ಲಿ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಕಾರು 2021ರ ಮಾದರಿಯೊಂದಿಗೆ ನಿಲ್ಲುವ ತನಕವೂ ವಿಷಮ ಉದ್ದದ ಹೆಡರಿನೊಂದಿಗೇ ಗುಡುಗುಟ್ಟಿತು.

ಒಂದು ಎಚ್ಚರಿಕೆ: ಟ್ವಿನ್ ಸ್ಕ್ರೋಲ್ ಹೆಡರನ್ನು ಸಾಮಾನ್ಯ ಟರ್ಬೊಗೆ ಹಾಕಿ ಪ್ರಯೋಜನವಿಲ್ಲ. ಟರ್ಬೊ, ಅಪ್‌ಪೈಪ್, ಹೆಡರ್ ಮೂರೂ ಒಂದೇ ಜಾತಿಯವಾಗಿರಬೇಕು.

ಯಾವ ಕಾರು, ಯಾವ ವರ್ಷ?

‘ಸುಬಾರು ಟರ್ಬೊಗೆ ಹೆಡರ್’ ಎಂದಷ್ಟೇ ನೋಡಿ ಕೊಂಡರೆ ಮೋಸ ಹೋಗುತ್ತೀರಿ. 2015ರ ಮಾದರಿಯಿಂದ ಡಬ್ಲ್ಯುಆರ್‌ಎಕ್ಸ್‌ಗೆ ಎಫ್‌ಎ ಸರಣಿಯ ಹೊಸ 2.0 ಲೀಟರ್ ಎಂಜಿನ್ ಬಂತು, 2022ರ ಮಾದರಿಯಿಂದ 2.4 ಲೀಟರಿನದು. ಈ ಎಂಜಿನ್‌ಗಳಲ್ಲಿ ಟರ್ಬೊ ಮೇಲಿಲ್ಲ, ಮುಂಭಾಗದಲ್ಲಿ ಕೆಳಗೆ ಕೂತಿದೆ. ಹಳೆಯ ಇಜೆ ಎಂಜಿನ್ನಿನ ಹೆಡರ್ ಇದಕ್ಕೆ ಕೂರುವುದೇ ಇಲ್ಲ. 2015ರ ಆ 2.0 ಲೀಟರ್ ಎಂಜಿನ್ನಿಗೆ ಸಮ ಉದ್ದದ ಹೆಡರನ್ನೂ ಟ್ವಿನ್ ಸ್ಕ್ರೋಲ್ ಟರ್ಬೊವನ್ನೂ ಕಂಪನಿಯೇ ಕೊಟ್ಟಿದೆ. ಅದಕ್ಕೆ ಹೊರಗಿನ ಹೆಡರ್ ಕೊಳ್ಳುವ ಅನೇಕರು ಕೊಳ್ಳುವುದು ಹಳೆಯ ಗುಡುಗುಡು ಸದ್ದು ಮರಳಿ ಬರಲೆಂದು, ಅಂದರೆ ಸಮವಾಗಿದ್ದದ್ದನ್ನು ವಿಷಮ ಮಾಡಲೆಂದು! ತಪ್ಪೆಂದು ಹೇಳುತ್ತಿಲ್ಲ, ಆದರೆ ಅದನ್ನು ಶಕ್ತಿಯ ಲೆಕ್ಕಕ್ಕೆ ಬರೆಯಬಾರದು.

ಆರು ಸಿಲಿಂಡರಿನ ಪೋರ್ಷೆ 911 ಟರ್ಬೊದಲ್ಲೂ ಇರುವುದು ಬಾಕ್ಸರ್ ಮಾದರಿಯ ಎಂಜಿನ್ನೇ. ಅಲ್ಲಿ ಬಲ, ಎಡ, ಬಲ, ಎಡ ಎಂದು ಸರದಿಯಂತೆ ಉರಿಯುತ್ತದೆ, 1995ರಿಂದೀಚೆಗೆ ಎರಡು ಬದಿಗೂ ಒಂದೊಂದು ಟರ್ಬೊ ಇದೆ. ಹಾಗಾಗಿ ಈ ಅಡ್ಡದಾರಿಯ ಸಮಸ್ಯೆಯೇ ಅಲ್ಲಿಲ್ಲ.

ಕೊಳ್ಳುವಾಗ ಏನೇನು ನೋಡಬೇಕು?

ಲೋಹ: ಟರ್ಬೊ ಪೆಟ್ರೋಲ್ ಎಂಜಿನ್ನಿನಿಂದ ಬರುವ ಅನಿಲದ ಬಿಸಿ ಜೋರಾಗಿ ಓಡಿಸುವಾಗ 800-900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಸಾಮಾನ್ಯ ಉಕ್ಕು ಅಗ್ಗ, ಬೇಗ ತುಕ್ಕು ಹಿಡಿಯುತ್ತದೆ. ಹೆಚ್ಚಿನವು 304 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವು. 321 ದರ್ಜೆಯಲ್ಲಿ ಟೈಟೇನಿಯಂ ಬೆರೆತಿರುವುದರಿಂದ ಬೆಸುಗೆಯ ಬಳಿ ಬಿರುಕು ಬಿಡುವುದು ಕಡಿಮೆ, ಬೆಲೆ ಹೆಚ್ಚು.

ಹಿಗ್ಗಲು ಜಾಗ: ಒಂದು ಮೀಟರ್ ಉದ್ದದ 304 ಸ್ಟೇನ್‌ಲೆಸ್ ಕೊಳವೆ 700 ಡಿಗ್ರಿ ಬಿಸಿ ಏರಿದರೆ ಸುಮಾರು 12 ಮಿಲಿಮೀಟರ್ ಉದ್ದವಾಗುತ್ತದೆ. ಎರಡು ತುದಿಯನ್ನೂ ಬಿಗಿದಿಟ್ಟರೆ ಅದು ಎಲ್ಲಿಗೆ ಹಿಗ್ಗಬೇಕು? ಬೆಸುಗೆ ಹರಿಯುತ್ತದೆ. ಆದ್ದರಿಂದ ಒಂದರೊಳಗೊಂದು ಜಾರುವ ಕೀಲು ಅಥವಾ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳಿರುವ ಭಾಗ ಇದೆಯೇ ನೋಡಿ. ನುಣ್ಣಗೆ ಹೊಳೆಯುವ ಹೆಡರಿಗಿಂತ ಹಿಗ್ಗಲು ಎಡೆಯಿರುವ ಹೆಡರ್ ಹೆಚ್ಚು ಬಾಳುತ್ತದೆ.

ದಪ್ಪ ಮತ್ತು ಬೆಸುಗೆ: ಕೊಳವೆಯ ಗೋಡೆ 16 ಗೇಜ್, ಅಂದರೆ ಸುಮಾರು 1.6 ಮಿಲಿಮೀಟರ್ ಇದ್ದರೆ ರಸ್ತೆಯ ಕಾರಿಗೆ ಸಾಮಾನ್ಯವಾಗಿ ಸಾಕು. ಎಂಜಿನ್ನಿಗೆ ಬಿಗಿಯುವ ತಟ್ಟೆ ದಪ್ಪವಾಗಿ, ಮಟ್ಟಸವಾಗಿ ಇರಬೇಕು. ತೆಳುವಾದ ತಟ್ಟೆ ಬಿಸಿಗೆ ಸೊಟ್ಟಗಾಗಿ ಸೋರುತ್ತದೆ. ಕೊಳವೆಗಳು ಕೂಡುವ ಜಾಗದ ಒಳಗೆ ಕೈಬೆರಳಾಡಿಸಿ ನೋಡಿ, ಬೆಸುಗೆಯ ಗಂಟುಗಳು ದಾರಿಗೆ ಅಡ್ಡ ಬಂದಿರಬಾರದು.

ವ್ಯಾಸ: ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಒಂದೂವರೆ ಇಂಚಿನ ಬದಲು ಒಂದೂಮುಕ್ಕಾಲು ಇಂಚಿನ ಕೊಳವೆ ಹಾಕಿದರೆ ಒಳಗಿನ ಜಾಗ ಶೇ. 36ರಷ್ಟು ಹೆಚ್ಚುತ್ತದೆ. ಅಷ್ಟೇ ಅನಿಲ ಅದರಲ್ಲಿ ನಿಧಾನವಾಗಿ ಹರಿಯುತ್ತದೆ. ಕಂಪನಿಯ ಸಣ್ಣ ಟರ್ಬೊ ಇರುವ, ದಿನವೂ ಟ್ರಾಫಿಕ್ಕಿನಲ್ಲಿ ಓಡುವ ಕಾರಿಗೆ ಇದು ನಷ್ಟ. ದೊಡ್ಡ ಟರ್ಬೊ ಹಾಕಿ ಟ್ರ್ಯಾಕ್‌ನಲ್ಲಿ ಓಡಿಸುವವರ ಲೆಕ್ಕ ಬೇರೆ.

ಸಂವೇದಕಗಳ ಜಾಗ: ಈ ವರ್ಷಗಳ ಇಜೆ ಟರ್ಬೊ ಕಾರುಗಳಲ್ಲಿ ಪೆಟ್ರೋಲು-ಗಾಳಿಯ ಪ್ರಮಾಣ ಅಳೆಯುವ ಮುಂದಿನ ಆಮ್ಲಜನಕ ಸಂವೇದಕ ಹೆಡರಿನ ಮೇಲೇ ಕೂರುತ್ತದೆ. ಹೊಸ ಹೆಡರಿನಲ್ಲಿ ಅದಕ್ಕೆ ಸರಿಯಾದ ತೂತು, ಸರಿಯಾದ ಜಾಗದಲ್ಲಿ ಇರಬೇಕು.

ಶಾಖದ ಕವಚ: ಕಂಪನಿಯ ಹೆಡರಿಗೆ ತಗಡಿನ ಕವಚಗಳಿರುತ್ತವೆ. ಅವು ಅಂದಕ್ಕಲ್ಲ. ಹೆಡರ್ ಎಂಜಿನ್ನಿನ ಕೆಳಗೆ ಇರುವುದರಿಂದ ಪಕ್ಕದಲ್ಲೇ ರಬ್ಬರಿನ ಬೂಟುಗಳು, ಎಣ್ಣೆಯ ತಟ್ಟೆ ಇರುತ್ತವೆ. ಹೊಸ ಹೆಡರಿಗೆ ಕವಚ ಕೂರುವುದಿಲ್ಲವಾದರೆ ಸೆರಾಮಿಕ್ ಲೇಪ ಮಾಡಿಸಬಹುದು. ಬಟ್ಟೆಯ ಪಟ್ಟಿಯಂಥ ಶಾಖನಿರೋಧಕ ಸುತ್ತಿಸುವವರೂ ಇದ್ದಾರೆ. ಅದು ಬಿಸಿಯನ್ನು ಹಿಡಿದಿಡುತ್ತದೆ ನಿಜ, ಆದರೆ ತೇವವನ್ನೂ ಹಿಡಿದಿಟ್ಟುಕೊಂಡು ಲೋಹವನ್ನು ತಿನ್ನುತ್ತದೆ.

ಹಾಕಿಸಿದರೆ ಮುಗಿಯಲಿಲ್ಲ

ಹೆಡರ್ ಬದಲಾದರೆ ಟರ್ಬೊ ಒತ್ತಡ ಕಟ್ಟುವ ರೀತಿಯೂ ಬದಲಾಗಬಹುದು. ಒತ್ತಡ ಹಳೆಯ ಮಿತಿಯನ್ನು ಮೀರಿದರೆ, ಅಥವಾ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗದಿದ್ದರೆ, ನಾಕಿಂಗ್ ಶುರುವಾಗಿ ಪಿಸ್ಟನ್ನೇ ಒಡೆಯಬಹುದು. ಹೆಡರಿನ ಬೆಲೆ ಒಂದು ಪಾಲು ಎನ್ನಿ, ಇನ್ನುಳಿದ ಪಾಲು ಹೊಸ ಗ್ಯಾಸ್ಕೆಟ್‌ಗಳು, ಕೂಲಿ, ಎಂಜಿನ್ ಕಂಪ್ಯೂಟರಿನ ಮರುಹೊಂದಾಣಿಕೆ. ಹಳೆಯ ಕಾರಿನಲ್ಲಿ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವಾಗ ತುಂಡಾದರೆ ಕೂಲಿ ಇನ್ನೂ ಏರುತ್ತದೆ. ಹಳೆಯ ಗ್ಯಾಸ್ಕೆಟನ್ನು ಮತ್ತೆ ಹಾಕುವ ಉಳಿತಾಯ ಬೇಡವೇ ಬೇಡ. ಪದರ ಪದರದ ಲೋಹದ ಅಸಲಿ ಗ್ಯಾಸ್ಕೆಟ್ ಹಾಕಿಸಿ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಕಂಪನಿಯ ಟರ್ಬೊವನ್ನೇ ಇಟ್ಟುಕೊಂಡು ಹೆಡರ್ ಒಂದನ್ನೇ ಬದಲಾಯಿಸಿದರೆ ಓಟದಲ್ಲಿ ಕಾಣುವ ವ್ಯತ್ಯಾಸ ಚಿಕ್ಕದು. ಆ ಹಂತದಲ್ಲಿ ಶಕ್ತಿಗೆ ಮಿತಿ ಹಾಕುವುದು ಮುಖ್ಯವಾಗಿ ಟರ್ಬೊದ ಗಾತ್ರ, ಅದರ ಮುಂದಿನ ದಾರಿ ಮತ್ತು ಕಂಪ್ಯೂಟರಿನ ಹೊಂದಾಣಿಕೆ. ಹೆಡರ್ ನಿಜವಾಗಿ ಲೆಕ್ಕಕ್ಕೆ ಬರುವುದು ದೊಡ್ಡ ಟರ್ಬೊ ಹಾಕಿಸಿದಾಗ, ಇಲ್ಲವೇ ಹಳೆಯದು ಬಿರುಕು ಬಿಟ್ಟಾಗ.

ಕಾನೂನಿನ ಕಣ್ಣು

ಮಗ ಇರುವುದು ಕ್ಯಾಲಿಫೋರ್ನಿಯದಲ್ಲಿ. ಹೊಗೆಯ ವಿಷಯದಲ್ಲಿ ಅಮೆರಿಕದಲ್ಲೇ ಕಟ್ಟುನಿಟ್ಟಿನ ರಾಜ್ಯ ಅದು. ಇಷ್ಟು ಹಳೆಯ ಪೆಟ್ರೋಲ್ ಕಾರು ಎರಡು ವರ್ಷಕ್ಕೊಮ್ಮೆ ‘ಸ್ಮಾಗ್ ಚೆಕ್’ ಪರೀಕ್ಷೆ ಪಾಸಾಗಬೇಕು. ಅಲ್ಲಿ ಬಾನೆಟ್ ತೆರೆದು ಬಿಡಿಭಾಗಗಳನ್ನೂ ನೋಡುತ್ತಾರೆ. ಹೊಗೆಶೋಧಕಕ್ಕೆ ಮುಂಚೆ ಬರುವ ಹೆಡರ್ ಕಂಪನಿಯದ್ದಲ್ಲವಾದರೆ ಅದಕ್ಕೆ ಆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇರಬೇಕು. ಇಲ್ಲವಾದರೆ ಫೇಲು. 2021ರ ಜುಲೈಯಿಂದ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಾಗಿದೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ. ‘ರೇಸಿಗೆ ಮಾತ್ರ’ ಎಂದು ಡಬ್ಬದ ಮೇಲೆ ಅಚ್ಚಾಗಿದ್ದರೆ ರಸ್ತೆಗೆ ತರಬಾರದು ಎಂದೇ ಅರ್ಥ.

ನಮ್ಮಲ್ಲೂ ರಿಯಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಮುಂಬಯಿ, ಚೆನ್ನೈ, ದೆಹಲಿಯಲ್ಲಿ ಬುಲೆಟ್ಟಿಗೆ ಸದ್ದಿನ ಸೈಲೆನ್ಸರ್ ಹಾಕಿಸಲು ಹೊರಟಿರುವ ನಮ್ಮ ತರುಣ ಕೇಳುಗರೂ ಈ ಸಾಲನ್ನು ಇನ್ನೊಮ್ಮೆ ಓದಲಿ.

ಹಾಗಾದರೆ ಮಗನಿಗೆ ಏನು ಹೇಳುವುದು?

ಹಿರಿಯರೇ, ‘ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಮಕ್ಕಳು ಕೇಳುವುದಿಲ್ಲ, ನಮಗೂ ಗೊತ್ತು. ಬದಲಿಗೆ ಮೂರು ಪ್ರಶ್ನೆ ಕೇಳಿ.

ಮೊದಲನೆಯದು: ‘ನಿನಗೆ ಬೇಕಾದದ್ದು ಸದ್ದೋ, ಶಕ್ತಿಯೋ?’ ಸದ್ದಾದರೆ ಅದು ಅವನ ಕಾರಿನಲ್ಲಿ ಈಗಾಗಲೇ ಇದೆ, ಕಂಪನಿಯೇ ಕೊಟ್ಟಿದೆ. ಸಮ ಉದ್ದದ ಹೆಡರ್ ಹಾಕಿಸಿದರೆ ದುಡ್ಡು ಕೊಟ್ಟು ಅದನ್ನು ಕಳೆದುಕೊಂಡ ಹಾಗೆ. ಶಕ್ತಿಯಾದರೆ ಹೆಡರಿನಿಂದ ಶುರು ಮಾಡುವುದು ತಪ್ಪು ತುದಿಯಿಂದ ಶುರು ಮಾಡಿದ ಹಾಗೆ.

ಎರಡನೆಯದು: ‘ಈಗಿರುವುದು ಸೋರುತ್ತಿದೆಯೇ?’ ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕೇಳಲಿ. ಟಿಕ್ ಟಿಕ್ ಎಂಬ ಸದ್ದು ಬಂದು, ಬಿಸಿಯಾದಂತೆ ಕಡಿಮೆಯಾದರೆ ಹೆಡರಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಸೋರಿಕೆ ಇರುವ ಸಾಧ್ಯತೆ ಹೆಚ್ಚು. ಲೋಹ ಹಿಗ್ಗಿ ಬಿರುಕು ಮುಚ್ಚುವುದರಿಂದ ಹಾಗಾಗುತ್ತದೆ. ಕೂಡುವೆಡೆಗಳಲ್ಲಿ ಕಪ್ಪು ಮಸಿ ಕಂಡರೆ ಖಚಿತ. ಗ್ಯಾರೇಜಿನಲ್ಲಿ ಹೊಗೆ ತುಂಬಿ ನೋಡುವ ಪರೀಕ್ಷೆ ಮಾಡಿಸಲಿ. ಬಿರುಕಿದ್ದರೆ ಕಂಪನಿಯ ಅಸಲಿ ಹೆಡರ್, ಇಲ್ಲವೇ ಅನುಮತಿ ಸಂಖ್ಯೆಯಿರುವ ಹೆಡರ್ ಹಾಕಿಸಲಿ. ಕಳೆದುಹೋಗಿದ್ದ ಓಟ ಅಷ್ಟರಿಂದಲೇ ಮರಳಿ ಬರುತ್ತದೆ. ಆದರೆ ಸದ್ದು ಬಿಸಿಯಾದ ಮೇಲೆ ಹೆಚ್ಚಾಗಿ, ಠಕ್ ಠಕ್ ಎಂದು ಒಳಗಿನಿಂದ ಬರುತ್ತಿದ್ದರೆ ಅದು ಹೆಡರಲ್ಲ, ಕ್ರ್ಯಾಂಕಿನ ಬೇರಿಂಗ್ ಸವೆದಿರಬಹುದು. ಆಗ ಕಾರನ್ನು ಒಂದು ಮೈಲಿಯೂ ಓಡಿಸಬಾರದು.

ಮೂರನೆಯದು: ‘ಉಳಿದದ್ದೆಲ್ಲ ಸರಿಯಿದೆಯೇ?’ ಈ ಎಂಜಿನ್ನಿನ ಟೈಮಿಂಗ್ ಬೆಲ್ಟನ್ನು 1,05,000 ಮೈಲಿ ಅಥವಾ 105 ತಿಂಗಳಿಗೊಮ್ಮೆ ಬದಲಾಯಿಸಬೇಕೆಂದು ಅಮೆರಿಕದಲ್ಲಿ ಸುಬಾರು ಹೇಳಿದ್ದಿದೆ. ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳು. 2004ರ ಕಾರಿನಲ್ಲಿ ಅದನ್ನು ಕೊನೆಯ ಸಲ ಯಾವಾಗ ಬದಲಿಸಿದರೋ ಅದರ ರಸೀದಿ ಇದೆಯೇ ಎಂದು ಕೇಳಿ. ಅಲ್ಲದೆ 2002ರಿಂದ 2005ರವರೆಗಿನ ಅಮೆರಿಕದ ಡಬ್ಲ್ಯುಆರ್‌ಎಕ್ಸ್‌ಗಳಲ್ಲಿ ಅಪ್‌ಪೈಪಿನೊಳಗೂ ಒಂದು ಹೊಗೆಶೋಧಕವಿದೆ. ಅದು ಹಳತಾಗಿ ಪುಡಿಯಾದರೆ ತುಣುಕುಗಳು ನೇರವಾಗಿ ಟರ್ಬೊ ಚಕ್ರಕ್ಕೆ ಬಡಿಯುತ್ತವೆ. ಹೊಸ ಹೆಡರಿನ ಹೊಳಪಿಗಿಂತ ಈ ಹಳೆಯ ಭಾಗದ ತಪಾಸಣೆ ಮುಖ್ಯ. ಅದನ್ನು ಕಿತ್ತುಹಾಕಿ ಖಾಲಿ ಕೊಳವೆ ಹಾಕುವುದು ಅಲ್ಲಿ ಕಾನೂನುಬಾಹಿರ, ಬದಲಿಸುವುದಿದ್ದರೆ ಅಂಥದ್ದನ್ನೇ ಹಾಕಿಸಬೇಕು.

ಮೂರಕ್ಕೂ ಸರಿಯಾದ ಉತ್ತರ ಸಿಕ್ಕಮೇಲೂ ಅವನಿಗೆ ಹೆಡರ್ ಬೇಕೆನಿಸಿದರೆ, ಅನುಮತಿ ಸಂಖ್ಯೆ ಇರುವುದನ್ನು, ಹಿಗ್ಗಲು ಎಡೆಯಿರುವುದನ್ನು, ತನ್ನ ವರ್ಷದ ಕಾರಿಗೇ ಮಾಡಿದ್ದನ್ನು ಕೊಳ್ಳಲಿ. ಅನುಭವಿ ಮೆಕ್ಯಾನಿಕ್ ಕೈಯಲ್ಲಿ ಹಾಕಿಸಲಿ.

ಇನ್ನೊಮ್ಮೆ ಮಗ ಫೋನಿನಲ್ಲಿ ಕಾರಿನ ಸದ್ದು ಕೇಳಿಸಿದಾಗ ನೀವೂ ಕಿವಿಗೊಟ್ಟು ಕೇಳಿ. ‘ತಕ... ಧಿಮಿ’ ಎಂದು ಬರುತ್ತಿದ್ದರೆ ಕಂಪನಿಯ ಹೆಡರ್ ತನ್ನ ಜಾಗದಲ್ಲೇ ಇದೆ ಎಂದರ್ಥ. ಒಂದೇ ಎಳೆಯಾಗಿ ಕೇಳಿಸಿತೋ, ದುಡ್ಡು ಆಗಲೇ ಖರ್ಚಾಗಿದೆ!